ಎಚ್‌ಪಿ ನೋಡಿ ಕಿಟ್ ತರಬೇಡಿ: ಟೊಯೋಟಾ 86ಕ್ಕೆ ಟರ್ಬೊನಾ, ಸೂಪರ್‌ಚಾರ್ಜರಾ?

ಇಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಪವರ್ ಏರಿಸೋ ಟರ್ಬೊ, ಸೂಪರ್‌ಚಾರ್ಜರ್ ಕಿಟ್ ಕೊಳ್ಳೋ ಮೊದಲು ಡೈನೋ ಶೀಟ್, ಅಂದರೆ ಪವರ್ ಅಳೆದ ಗ್ರಾಫ್, ಮಡಚಿ ಪಕ್ಕಕ್ಕಿಡಿ. ಕಿಟ್ ಮಾರುವವರು ಮೊದಲು ತೋರಿಸೋದು ಅದನ್ನೇ. ಕೊಳ್ಳುವವರು ಅದನ್ನ ಎಲ್ಲಕ್ಕಿಂತ ಕೊನೆಗೆ ನೋಡಬೇಕು.

ಇವತ್ತು ಒಂದೇ ಗಾಡಿಯ ಮಾತು. ಟೊಯೋಟಾ 86, ಅದರ ಅವಳಿ ಸುಬಾರು ಬಿಆರ್‌ಝಡ್, 2012ರಲ್ಲಿ ಬಂದ ಮೊದಲ ತಲೆಮಾರು. ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ ಇದ್ದರೂ ಈ ಗಾಡಿ ನಮ್ಮ ಶೋರೂಮಿಗೆ ಬರಲೇ ಇಲ್ಲ, ಬಿಡಿ. ಆದರೆ ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇರೋ ಕನ್ನಡದವರಿಗೆ ಇದು ಸೆಕೆಂಡ್‌ಹ್ಯಾಂಡಲ್ಲಿ ಕೈಗೆಟುಕೋ ಸ್ಪೋರ್ಟ್ಸ್ ಕಾರು. ಕೊಂಡ ಆರು ತಿಂಗಳಿಗೆ ಎಲ್ಲರಿಗೂ ಬರೋ ಆಸೆ ಒಂದೇ: ಇನ್ನೊಂದು ಚೂರು ಪವರ್ ಇದ್ದಿದ್ದರೆ.

ಆಸೆ ತಪ್ಪಲ್ಲ. ಆದರೆ ಇಂಜಿನ್ ಯಾವುದು ಅಂತ ಮೊದಲು ನೋಡಿ. ಎಫ್‌ಎ20, ಬಾಕ್ಸರ್ (ಸಿಲಿಂಡರ್‌ಗಳು ಎರಡೂ ಪಕ್ಕಕ್ಕೆ ಮಲಗಿರೋ ಜಾತಿ), 1998 ಸಿಸಿ. 7000 ಆರ್‌ಪಿಎಂನಲ್ಲಿ 200 ಎಚ್‌ಪಿ, ಟಾರ್ಕ್ (ತಿರುಗಿಸೋ ಬಲ) 205 ನ್ಯೂಟನ್ ಮೀಟರ್. ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಮಿಶ್ರಣವನ್ನ ಒತ್ತೋ ಪ್ರಮಾಣ, 12.5ಕ್ಕೆ 1. ಇದೇ ಮನೆತನದ ಇಂಜಿನ್ನಿಗೆ ಸುಬಾರುನೋರೇ ಟರ್ಬೊ ಹಾಕಿ ಡಬ್ಲ್ಯೂಆರ್‌ಎಕ್ಸ್‌ನಲ್ಲಿ ಕೊಟ್ಟಾಗ ಕಂಪ್ರೆಷನ್ನನ್ನ 10.6ಕ್ಕೆ ಇಳಿಸಿದ್ದರು. ಸುಮ್ಮನೆ ಇಳಿಸಲಿಲ್ಲ. ಹೆಚ್ಚು ಒತ್ತಿದ ಮಿಶ್ರಣಕ್ಕೆ ಇನ್ನಷ್ಟು ಗಾಳಿ ತುರುಕಿದರೆ, ಪ್ಲಗ್ ಹಚ್ಚಿದ ಬೆಂಕಿ ತಲುಪೋ ಮೊದಲೇ ಮೂಲೆಯಲ್ಲಿರೋ ಪೆಟ್ರೋಲು ತಾನಾಗಿ ಹೊತ್ತಿಕೊಳ್ಳುತ್ತೆ. ಅದೇ ನಾಕಿಂಗ್. ಪಿಸ್ಟನ್ನಿನ ರಿಂಗ್ ಕೂರೋ ಅಂಚು ಒಡೆಯೋದು ಇದರಿಂದ.

ಎರಡನೇ ದೌರ್ಬಲ್ಯ ಕನೆಕ್ಟಿಂಗ್ ರಾಡ್, ಪಿಸ್ಟನ್ನನ್ನ ಕ್ರ್ಯಾಂಕಿಗೆ ಜೋಡಿಸೋ ಸರಳು. ಸ್ವಲ್ಪ ಲೆಕ್ಕ ಮಾಡೋಣ, ಯಾಕಂದ್ರೆ ಕಿಟ್ ಆಯ್ಕೆ ನಿಂತಿರೋದೇ ಇದರ ಮೇಲೆ. 270 ಎಚ್‌ಪಿ 7000 ಆರ್‌ಪಿಎಂನಲ್ಲಿ ಬಂದರೆ ಟಾರ್ಕ್ ಸುಮಾರು 275 ನ್ಯೂಟನ್ ಮೀಟರ್. ಅದೇ 270 ಎಚ್‌ಪಿ 5000ಕ್ಕೇ ಬಂದರೆ 385. ಡೈನೋ ಶೀಟಿನ ತಲೆಬರಹದಲ್ಲಿ ಎರಡೂ ಒಂದೇ ಸಂಖ್ಯೆ. ರಾಡ್‌ಗೆ ಬೀಳೋ ಹೊಡೆತ ಮಾತ್ರ ಬೇರೆ ಬೇರೆ. ರಾಡನ್ನ ಬಗ್ಗಿಸೋದು ಕಡಿಮೆ ಆರ್‌ಪಿಎಂನಲ್ಲಿ ದಡಕ್ಕನೆ ಬರೋ ಟಾರ್ಕು.

ಅದಕ್ಕೇ ನನ್ನ ಮಾತು ನೇರ: ಇಂಜಿನ್ ಬಿಚ್ಚೋ ಯೋಚನೆ ಇಲ್ಲ ಅಂದರೆ ಸೆಂಟ್ರಿಫ್ಯೂಗಲ್ ಸೂಪರ್‌ಚಾರ್ಜರ್ ಹಾಕಿಸಿ. ಜಾಕ್ಸನ್ ರೇಸಿಂಗ್‌ನವರ ರಾಟ್ರೆಕ್ಸ್ ಕಿಟ್ ಈ ಜಾತಿಯದು. ಬೆಲ್ಟಿನಿಂದ ತಿರುಗುತ್ತೆ, ಬೂಸ್ಟ್ (ತುಂಬೋ ಗಾಳಿಯ ಒತ್ತಡ, ಪಿಎಸ್‌ಐನಲ್ಲಿ ಅಳೆಯೋದು) ಹೆಚ್ಚುಕಮ್ಮಿ ಆರ್‌ಪಿಎಂನ ವರ್ಗದ ಲೆಕ್ಕದಲ್ಲಿ ಏರುತ್ತೆ. 7400ರಲ್ಲಿ 9 ಪಿಎಸ್‌ಐ ಇದ್ದರೆ 3700ರಲ್ಲಿ ಎರಡೂಕಾಲು ಮಾತ್ರ. ರಾಡ್‌ಗೆ ಅಪಾಯ ಇರೋ ಜಾಗದಲ್ಲಿ ಒತ್ತಡ ತೀರಾ ಕಡಿಮೆ. ಹೌದು, ಇದರಲ್ಲಿ ಒಂದು ಕೊರತೆ ಇದೆ. 3500ರಿಂದ 4500ರ ನಡುವೆ ಈ ಇಂಜಿನ್ ಒಂದು ಗುಂಡಿಗೆ ಬಿದ್ದ ಹಾಗೆ ಸೋಲುತ್ತಲ್ಲ, ಆ ಗುಂಡಿಯನ್ನ ಇದು ಪೂರ್ತಿ ಮುಚ್ಚಲ್ಲ. ಅದನ್ನೇ ಮುಚ್ಚಬೇಕು ಅನ್ನೋರಿಗೆ ಹ್ಯಾರಪ್ ಅಥವಾ ಎಡೆಲ್‌ಬ್ರಾಕ್ ಕಂಪನಿಯ ಕಿಟ್, ಎರಡರಲ್ಲೂ ಈಟನ್‌ನ ಟಿವಿಎಸ್ 1320 ಅನ್ನೋ ಸೂಪರ್‌ಚಾರ್ಜರ್ ಇರುತ್ತೆ. ಕೆಳಗಿನಿಂದಲೇ ಎಳೆಯುತ್ತೆ, ದಿನಾ ಓಡಿಸೋಕೆ ಸೊಗಸು. ಆದರೆ ಇಂಜಿನ್ನಿನ ನೆತ್ತಿಯ ಮೇಲೇ ಕೂತಿರೋದ್ರಿಂದ ಟ್ರ್ಯಾಕಿನಲ್ಲಿ ಕೆಲವೇ ಸುತ್ತಿಗೆ ಇಂಜಿನ್ನಿನ ಬಿಸಿ ಹೀರಿಕೊಂಡು ಸೊರಗಿಬಿಡುತ್ತೆ.

ಎಕ್ಸಾಸ್ಟ್ ಹೊಗೆಯಿಂದ ತಿರುಗೋ ಟರ್ಬೊ ಬಗ್ಗೆ ದ್ವೇಷ ಇಲ್ಲ. ಬೂಸ್ಟ್ ಕಂಟ್ರೋಲರಿನ ಒಂದು ಗುಂಡಿ ತಿರುಗಿಸಿದರೆ ಪವರ್ ಏರೋದೇ ಅದರ ಆಕರ್ಷಣೆ, ಅದೇ ಅದರ ಶಾಪ. ಮೊದಲ ತಿಂಗಳು 7 ಪಿಎಸ್‌ಐ ಸಾಕು ಅನ್ನೋರು ಮೂರನೇ ತಿಂಗಳು 12ಕ್ಕೆ ಬಂದಿರ್ತಾರೆ.

ಬಿಸಿಯ ಲೆಕ್ಕವನ್ನೂ ಹಾಕಿ. 6 ಪಿಎಸ್‌ಐ ಅಂದರೆ ಪ್ರೆಷರ್ ರೇಷಿಯೊ 1.41, ಅಂದರೆ ಹೊರಗಿನ ಗಾಳಿಯ ಒತ್ತಡದ 1.41 ಪಟ್ಟು. ಕಂಪ್ರೆಸರ್ ಶೇಕಡಾ 70ರಷ್ಟು ದಕ್ಷವಾಗಿದ್ದರೂ 30 ಡಿಗ್ರಿಯಲ್ಲಿ ಒಳಹೊಕ್ಕ ಗಾಳಿ 75ರ ಹತ್ತಿರ ಹೊರಬರುತ್ತೆ. ಬರೀ 6 ಪಿಎಸ್‌ಐಗೆ! 12.5ರ ಕಂಪ್ರೆಷನ್ ಇರೋ ಇಂಜಿನ್ನಿಗೆ ಇಂಟರ್‌ಕೂಲರ್ (ಆ ಗಾಳಿ ತಣಿಸೋ ಭಾಗ) ಇಲ್ಲದ ಕಿಟ್ ಯಾರಾದರೂ ಅಗ್ಗಕ್ಕೆ ಕೊಟ್ಟರೆ ಕೈಮುಗಿದು ಬನ್ನಿ. ಕ್ಯಾಲಿಫೋರ್ನಿಯಾದ 91 ಆಕ್ಟೇನ್ ಪೆಟ್ರೋಲಿಗಂತೂ ಅದು ಆಗದ ಮಾತು.

ಇನ್ನು ಪೆಟ್ಟಿಗೆಯೊಳಗೆ ಏನಿದೆ ಅಂತ ನೋಡಬೇಕು. ದುಡ್ಡು ಕೊಡೋ ಮೊದಲು ಪಾರ್ಟ್ಸ್ ಲಿಸ್ಟ್ ತರಿಸಿಕೊಳ್ಳಿ, ಇನ್‌ಸ್ಟಾಲೇಷನ್ ಮ್ಯಾನುಯಲ್ ಕೇಳಿ. ಬೋಲ್ಟ್‌ಗಳ ಟಾರ್ಕ್ ಅಂಕಿ ಇಲ್ಲದ ಮ್ಯಾನುಯಲ್ ಕೊಡೋ ಕಂಪನಿಯನ್ನ ಅಲ್ಲೇ ಬಿಡಿ. ಟ್ಯೂನ್, ಅಂದರೆ ಇಂಜಿನ್ ಕಂಪ್ಯೂಟರಿನ (ಇಸಿಯು) ಸೆಟ್ಟಿಂಗ್, ಯಾವ ಪೆಟ್ರೋಲಿಗೆ ಮಾಡಿದ್ದು, ಯಾವ ಸಾಫ್ಟ್‌ವೇರಿನಲ್ಲಿ, ನಿಮ್ಮ ಊರಿನ ಟ್ಯೂನರ್ ಅದನ್ನ ತೆರೆದು ತಿದ್ದಬಹುದಾ? ಈ ಗಾಡಿಗೆ ಈಕ್ಯುಟೆಕ್ ಸಾಫ್ಟ್‌ವೇರ್ ಬಲ್ಲವರು ಸಾಕಷ್ಟು ಜನ ಇದ್ದಾರೆ. ಬೀಗ ಹಾಕಿದ ಟ್ಯೂನ್ ಕೊಟ್ಟರೆ ನಾಳೆ ಸೈಲೆನ್ಸರ್ ಬದಲಿಸಿದರೂ ಅವರ ಬಾಗಿಲಿಗೇ ಹೋಗಬೇಕು.

ಟರ್ಬೊ ಕಿಟ್ ಆದರೆ ಮೊದಲು ಆಯಿಲ್ ಡ್ರೇನ್ ಲೈನ್ ನೋಡಿ. ಟರ್ಬೊದಿಂದ ಹೊರಬರೋ ಆಯಿಲ್ ನೊರೆಯಾಗಿರುತ್ತೆ, ಅದಕ್ಕೆ ಒತ್ತಡ ಇರಲ್ಲ, ತನ್ನ ಭಾರಕ್ಕೆ ತಾನೇ ಇಳಿದು ಹೋಗಬೇಕು. ಪೈಪು ದಪ್ಪ ಇರಬೇಕು, ಎಲ್ಲೂ ಮೇಲಕ್ಕೆ ಬಾಗಬಾರದು. ಬಾಕ್ಸರ್ ಇಂಜಿನ್ನಿನಲ್ಲಿ ಎಕ್ಸಾಸ್ಟ್ ಇರೋದು ತಳದಲ್ಲಿ. ಟರ್ಬೊವನ್ನೂ ಅಲ್ಲೇ ಕೆಳಗೆ ಕೂರಿಸಿದರೆ ಆಯಿಲ್ ಇಳಿಯೋಕೆ ಜಾಗವೇ ಇರಲ್ಲ, ಅದನ್ನ ಎಳೆದು ಮೇಲೆ ಕಳಿಸೋಕೆ ಸ್ಕ್ಯಾವೆಂಜ್ ಪಂಪ್ ಬೇಕು. ಆ ಪಂಪು ಕೆಟ್ಟ ದಿನ ಟರ್ಬೊದ ಸೀಲ್ ದಾಟಿದ ಆಯಿಲು ಸೈಲೆನ್ಸರಿನಿಂದ ನೀಲಿ ಹೊಗೆಯಾಗಿ ಬರುತ್ತೆ. ಟರ್ಬೊನೇ ಹೋಯ್ತು ಅಂತ ಹೊಸದು ಹಾಕಿಸಿಕೊಂಡು, ಅದೂ ಹೊಗೆ ಬಿಟ್ಟಾಗ ಕಣ್ಣು ಬಿಡೋರು ಕಡಿಮೆ ಏನಿಲ್ಲ.

ರಾಟ್ರೆಕ್ಸ್‌ನಲ್ಲಿ ಈ ತಲೆನೋವಿಲ್ಲ, ಅದಕ್ಕೆ ತನ್ನದೇ ದ್ರವ, ತನ್ನದೇ ಟ್ಯಾಂಕು, ತನ್ನದೇ ಕೂಲರ್. ಆದರೆ ಒಳಗೆ ಹಲ್ಲಿನ ಗೇರ್ ಇರಲ್ಲ. ರೋಲರ್‌ಗಳು ಆ ದ್ರವದ ಹಿಡಿತದಿಂದಲೇ ತಿರುಗಿಸೋದು. ಎಸ್‌ಎಕ್ಸ್150 ಅನ್ನೋ ಆ ದ್ರವ ಬಿಟ್ಟು ಇಂಜಿನ್ ಆಯಿಲ್ ಸುರಿದರೆ ಹಿಡಿತ ಹೋಗುತ್ತೆ, ಯುನಿಟ್ಟೂ ಹೋಗುತ್ತೆ. ಬೆಲ್ಟ್ ಜಾರೋದು ಇನ್ನೊಂದು ಕಾಯಿಲೆ. ಮೇಲಿನ ಆರ್‌ಪಿಎಂನಲ್ಲಿ ಬೂಸ್ಟ್ ಏರದೆ ಅಲ್ಲೇ ನಿಂತರೆ ಮೊದಲು ಟೆನ್ಷನರ್ (ಬೆಲ್ಟ್ ಬಿಗಿ ಹಿಡಿಯೋ ಭಾಗ) ನೋಡಿ.

ಒಳಬರೋ ಗಾಳಿ ಅಳೆಯೋ ಮಾಸ್ ಏರ್‌ಫ್ಲೋ ಸೆನ್ಸರ್ ಕಂಪ್ರೆಸರಿಗಿಂತ ಮುಂಚೆ ಇರೋ ಕಿಟ್‌ಗಳಲ್ಲಿ ಒಂದು ಸೂಕ್ಷ್ಮ ಇದೆ. ಅಳೆದ ಗಾಳಿಯನ್ನ, ಥ್ರಾಟಲ್ ಬಿಟ್ಟಾಗ ತೆರೆಯೋ ಬೈಪಾಸ್ ವಾಲ್ವ್ ಮತ್ತೆ ಇನ್‌ಟೇಕಿಗೇ ಬಿಡಬೇಕು. ಗಾಡಿ ಪುಸ್ ಅನ್ನಲಿ ಅಂತ ಹೊರಕ್ಕೆ ಬಿಟ್ಟರೆ, ಹೋದ ಗಾಳಿಗೂ ಇಸಿಯು ಪೆಟ್ರೋಲು ಲೆಕ್ಕ ಹಾಕಿ ಹಾಕುತ್ತೆ, ಗೇರ್ ಬದಲಿಸಿದಾಗ ಗಾಡಿ ಮುಗ್ಗರಿಸುತ್ತೆ. ಗಾಳಿ ಪೈಪಿನ ಸಡಿಲ ಕ್ಲಾಂಪ್‌ನ ಲಕ್ಷಣವೂ ಇದೇ: ಬೂಸ್ಟಿನಲ್ಲಿ ಗಾಳಿ ಸೋರಿ ಮಿಶ್ರಣ ರಿಚ್ (ಪೆಟ್ರೋಲು ಹೆಚ್ಚು), ಐಡಲಿನಲ್ಲಿ ಅಳೆಯದ ಗಾಳಿ ನುಗ್ಗಿ ಲೀನ್ (ಪೆಟ್ರೋಲು ಕಡಿಮೆ).

ಕ್ಯಾಲಿಫೋರ್ನಿಯಾದಲ್ಲಿರೋರು ಕಿಟ್‌ಗೆ ಕಾರ್ಬ್ ಇಒ ನಂಬರ್ (ಅಲ್ಲಿನ ವಾಯುಮಾಲಿನ್ಯ ಮಂಡಳಿಯ ಅನುಮತಿ) ಇದೆಯಾ ಅಂತ ಕೇಳಿ, ಅದು ನಿಮ್ಮ ಗಾಡಿಯ ವರ್ಷಕ್ಕೆ ಅನ್ವಯಿಸುತ್ತಾ ಅಂತಲೂ ನೋಡಿ. ಸ್ಮಾಗ್ ಚೆಕ್‌ನಲ್ಲಿ ಬಾನೆಟ್ ಎತ್ತಿ ಕಣ್ಣಲ್ಲೇ ಪರೀಕ್ಷೆ ಮಾಡ್ತಾರೆ, ಹೊಗೆ ಎಷ್ಟೇ ಶುದ್ಧ ಇರಲಿ.

ಹಾಕಿಸೋ ಮೊದಲು ಲೀಕ್‌ಡೌನ್ ಟೆಸ್ಟ್ (ಸಿಲಿಂಡರಿನಿಂದ ಗಾಳಿ ಎಷ್ಟು ಸೋರುತ್ತೆ ಅನ್ನೋ ಪರೀಕ್ಷೆ) ಮಾಡಿಸಿ. ಯಾವುದಾದರೂ ಸಿಲಿಂಡರ್ ಶೇಕಡಾ 10 ದಾಟಿದರೆ ಕಿಟ್ ದುಡ್ಡು ಇಂಜಿನ್ನಿಗೆ ಎತ್ತಿಡಿ. 2013ರ ಮಾಡೆಲ್ ಆದರೆ 2018ರ ವಾಲ್ವ್ ಸ್ಪ್ರಿಂಗ್ ರೀಕಾಲ್ ಕೆಲಸ ಆಗಿದೆಯಾ ಅಂತ ದಾಖಲೆ ನೋಡಿ. ಅದಕ್ಕೆ ಇಂಜಿನ್ ಬಿಚ್ಚಿ ಸೀಲೆಂಟ್ ಬಳಿದಿರ್ತಾರೆ. ಹೆಚ್ಚು ಬಳಿದಿದ್ದರೆ ಅದರ ಚೂರು ಆಯಿಲ್ ಪಿಕಪ್ ಜಾಲರಿಗೆ ಹೋಗಿ ಕೂರಬಹುದು. ಬಜೆಟ್ಟಿನಲ್ಲಿ ಥರ್ಮೋಸ್ಟಾಟ್ ಇರೋ ಆಯಿಲ್ ಕೂಲರ್, ಕ್ಯಾಚ್ ಕ್ಯಾನ್ (ಆಯಿಲ್ ಆವಿ ಹಿಡಿಯೋ ಡಬ್ಬಿ), ಕ್ಲಚ್ಚಿಗೆ ಒಂದಷ್ಟು ದುಡ್ಡು, ಒಂದು ಹಂತ ಕೋಲ್ಡ್ (ಬೇಗ ತಣಿಯೋ) ಪ್ಲಗ್, ಗ್ಯಾಪ್ 0.7 ಮಿಲಿಮೀಟರಿನ ಆಸುಪಾಸು. ಈ ಇಂಜಿನ್ನಿನಲ್ಲಿ ಪ್ಲಗ್ ಬಿಚ್ಚೋದು ಅಂದರೆ ಶಾಸಿ ರೈಲಿನ ಸಂದಿಯಲ್ಲಿ ಕೈ ತೂರಿಸಿ ಬೆರಳಗಂಟು ಸುಲಿಸಿಕೊಳ್ಳೋ ಕೆಲಸ. ಆದರೂ ಮೊದಲ 1000 ಕಿಲೋಮೀಟರಿಗೆ ಒಮ್ಮೆ ಬಿಚ್ಚಿಸಿ. ಬಿಳಿ ಪಿಂಗಾಣಿಯನ್ನ ಭೂತಗನ್ನಡಿಯಲ್ಲಿ ನೋಡಿ. ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ, ನಡುವೆ ಬೆಳ್ಳಿಯ ಹಾಗೆ ಮಿನುಗೋ ಕಣ ಕಂಡರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಅವತ್ತೇ ಗಾಡಿ ನಿಲ್ಲಿಸಿ, ಲಾಗ್ ತೆಗೆದು ಟ್ಯೂನರಿಗೆ ಕಳಿಸಿ.