ಲೆಕ್ಕದ ಕೀಲಿ ಯಾರ ಹತ್ತಿರ?

ಕೇಳುಗರಿಗೆ ನಮಸ್ಕಾರ.

ಹೋಟೆಲಿನ ಶಟರ್ ಕೀಲಿ ಯಾರ ಹತ್ತಿರ ಇದೆ ಅಂತ ಕೇಳಿ. ಮುಂಬಯಿಯ ಯಾವ ಮಾಲೀಕರೂ ಥಟ್ಟನೆ ಹೇಳುತ್ತಾರೆ. ಒಂದು ನನ್ನ ಹತ್ತಿರ, ಇನ್ನೊಂದು ಮ್ಯಾನೇಜರ್ ಹತ್ತಿರ. ಗಲ್ಲಾದ ಕೀಲಿ ಅಂದರಂತೂ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಈಗ ಬಿಲ್ಲು, ಸ್ಟಾಕು, ಸಂಬಳದ ಲೆಕ್ಕ ಎಲ್ಲ ಕ್ಲೌಡ್‌ನಲ್ಲಿದೆಯಲ್ಲ, ಅದರ ಕೀಲಿ ಯಾರ ಹತ್ತಿರ ಅಂತ ಕೇಳಿ ನೋಡಿ. "ಅದೆಲ್ಲ ಹುಡುಗ ನೋಡ್ಕೋತಾನೆ" ಅನ್ನುತ್ತಾರೆ.

ಮುಲುಂಡಿನ ಒಬ್ಬ ಮಾಲೀಕರ ಆ ಹುಡುಗ ಕೆಲಸ ಬಿಟ್ಟು ದುಬೈಗೆ ಹೋದ. ಹೋಗಿ ನಾಲ್ಕು ತಿಂಗಳಾಗಿತ್ತು. ಒಂದು ಶನಿವಾರ ಬೆಳಿಗ್ಗೆ ಇಡ್ಲಿ, ಉಪ್ಪಿಟ್ಟಿನ ಗಿರಾಕಿಗಳು ಸಾಲುಗಟ್ಟಿ ನಿಂತಿದ್ದಾಗ ಮೂರೂ ಶಾಖೆಯಲ್ಲಿ ಬಿಲ್ಲಿಂಗ್ ನಿಂತಿತು. ಕ್ಲೌಡ್ ಬಾಡಿಗೆ ಕಟ್ಟುವ ಕ್ರೆಡಿಟ್ ಕಾರ್ಡಿನ ಅವಧಿ ಮುಗಿದಿತ್ತು. ಬಾಡಿಗೆ ಕಟ್ಟಿಲ್ಲ ಅಂತ ಮೂರು ಸಲ ಮೇಲ್ ಬಂದಿತ್ತು. ಬಂದದ್ದು ಹುಡುಗನ ಮೇಲ್‌ಗೆ. ಮಾಲೀಕರು ನನಗೆ ಫೋನ್ ಮಾಡಿದರು. "ಅಕ್ಕಾ, ಸ್ವಲ್ಪ ಬೇಗ ಬನ್ನಿ."

ನಾನು ಮಾಟುಂಗದಲ್ಲಿ ಸಣ್ಣ ವ್ಯಾಪಾರಗಳ ಲೆಕ್ಕ ಬರೆಯುವವಳು. ಎಂಜಿನಿಯರ್ ಅಲ್ಲ. ಕಿರ್ದಿ, ಖಾತೆ ಪುಸ್ತಕದಿಂದ ಶುರು ಮಾಡಿ ಕಂಪ್ಯೂಟರಿಗೆ ಬಂದೆ, ಅಲ್ಲಿಂದ ಕ್ಲೌಡ್‌ಗೆ ಬಂದೆ. ಕಲಿತದ್ದೆಲ್ಲ ಬಿದ್ದು ಎದ್ದು ಕಲಿತದ್ದು. ಮುಲುಂಡಿನ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಈ ಕ್ಲೌಡ್ ಅಂದರೆ ಏನು ಅಂತ ನೋಡೋಣ.

ಹೆಸರಿನಲ್ಲೇ ಮೋಸ ಇದೆ. ಎಂಜಿನಿಯರುಗಳು ನೆಟ್‌ವರ್ಕಿನ ಚಿತ್ರ ಬರೆಯುವಾಗ, ಹೊರಗಿನ ಜಾಲದ ಒಳಗೆ ಏನಿದೆ ಅಂತ ಬಿಡಿಸಿ ತೋರಿಸುವ ಗೋಜಿಗೆ ಹೋಗದೆ ಅಲ್ಲೊಂದು ಮೋಡ ಬರೆದು ಬಿಡುತ್ತಿದ್ದರು. ಆ ಚಿತ್ರದ ಹೆಸರೇ ನಿಂತುಬಿಟ್ಟಿತು. ನಿಜವಾಗಿ ನೋಡಿದರೆ ಅದು ನೆಲದ ಮೇಲಿನ ಕಟ್ಟಡ. ಥಾಣೆ ಖಾಡಿ ದಾಟಿದರೆ ಐರೋಲಿ, ರಬಾಳೆ, ಮಹಾಪೆ. ಅಲ್ಲಿ ಕಿಟಕಿ ಕಮ್ಮಿ ಇರುವ ದೊಡ್ಡ ದೊಡ್ಡ ಕಟ್ಟಡಗಳಿವೆ. ಒಳಗೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಸಾಲು ಸಾಲು ಕಂಪ್ಯೂಟರು, ತಣ್ಣಗಿಡಲು ಏಸಿ, ಪಕ್ಕದಲ್ಲಿ ಬ್ಯಾಟರಿ, ಡೀಸೆಲ್ ಜನರೇಟರು. 2020ರ ಅಕ್ಟೋಬರ್ 12 ನೆನಪಿದೆ ಅಲ್ವಾ? ಮುಂಬಯಿಯ ಬಹುಭಾಗದಲ್ಲಿ ಕರೆಂಟ್ ಹೋಗಿ ಲೋಕಲ್ ರೈಲುಗಳು ಹಳಿಯ ಮೇಲೇ ನಿಂತ ದಿನ. ಅಂಥ ದಿನಕ್ಕೆಂದೇ ಈ ಜನರೇಟರುಗಳನ್ನು ಇಟ್ಟುಕೊಂಡಿರುತ್ತಾರೆ. ವರ್ಸೋವಾ ಕಡಲತೀರದಲ್ಲಿ ಸಮುದ್ರದಡಿಯ ಇಂಟರ್ನೆಟ್ ಕೇಬಲ್‌ಗಳು ದಡ ಸೇರುತ್ತವೆ. ಹಾಗಾಗಿ ಇಂಥ ಕಟ್ಟಡಗಳಿಗೆ ನಮ್ಮ ಊರು ಅನುಕೂಲ.

ಅಮೆಜಾನ್ ಕಂಪನಿ 2006ರಲ್ಲಿ ಮೊದಲು ಡೇಟಾ ಇಡುವ ಜಾಗವನ್ನು, ಕೆಲವೇ ತಿಂಗಳಲ್ಲಿ ಕಂಪ್ಯೂಟರನ್ನೇ ಬಾಡಿಗೆಗೆ ಕೊಡಲು ಶುರು ಮಾಡಿತು. 2015ರಲ್ಲಿ ಮೈಕ್ರೋಸಾಫ್ಟ್ ಇದೇ ವ್ಯಾಪಾರಕ್ಕೆ ಪುಣೆಗೆ ಬಂತು. ಆ ಜಾಗಕ್ಕೆ ಅವರು ಇಟ್ಟ ಹೆಸರು 'ಸೆಂಟ್ರಲ್ ಇಂಡಿಯಾ'. ಪುಣೆಯವರು ಯಾರೂ ಜಗಳ ಮಾಡಿದ ಹಾಗೆ ಕಾಣೆ. 2016ರಲ್ಲಿ ಅಮೆಜಾನ್, 2017ರಲ್ಲಿ ಗೂಗಲ್ ಮುಂಬಯಿಗೇ ಬಂದವು.

ಬಾಡಿಗೆ ಯಾಕೆ, ಸ್ವಂತದ್ದೇ ಇಟ್ಟುಕೊಂಡರೆ ಏನು ಅಂತ ಕೇಳಬಹುದು. ಈ ಪ್ರಶ್ನೆ ಮುಂಬಯಿಗೆ ಹೊಸದಲ್ಲ. ಪರೇಲ್, ಲಾಲ್‌ಬಾಗ್‌ನ ಬಟ್ಟೆ ಗಿರಣಿಗಳಿಗೆ ಒಂದು ಕಾಲಕ್ಕೆ ಅವರವರದೇ ಬಾಯ್ಲರು, ಅವರವರದೇ ಚಿಮಣಿ ಇತ್ತು. ಕಲ್ಲಿದ್ದಲು ತರುವವರು, ಉಗಿ ಯಂತ್ರ ನೋಡಿಕೊಳ್ಳುವವರು ಬೇರೆ. 1915ರಲ್ಲಿ ಖೋಪೋಲಿಯಿಂದ ಟಾಟಾ ಅವರ ಜಲವಿದ್ಯುತ್ ಬಂತು. ಗಿರಣಿಗಳು ಒಂದೊಂದಾಗಿ ಕರೆಂಟನ್ನು ಕೊಂಡುಕೊಳ್ಳತೊಡಗಿದವು. ಗಿರಣಿಯ ಕೆಲಸ ಬಟ್ಟೆ ನೇಯುವುದು, ಉಗಿ ಕಾಯಿಸುವುದಲ್ಲ. ಹಾಗೆಯೇ ಹೋಟೆಲಿನವರ ಕೆಲಸ ದೋಸೆ ಹುಯ್ಯುವುದು. ಮೆಟ್ಟಿಲ ಕೆಳಗೆ ಸರ್ವರ್ ಇಟ್ಟು ಅದರ ಫ್ಯಾನಿಗೆ ಅಂಟಿದ ಎಣ್ಣೆ ಜಿಡ್ಡು ಒರೆಸುವುದಲ್ಲ.

ನನ್ನದೇ ಕಥೆ ಹೇಳುತ್ತೇನೆ. 2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಕಿಂಗ್ ಸರ್ಕಲ್ ಸಾಧಾರಣ ಮಳೆಗೇ ಕೆರೆಯಾಗುವ ಜಾಗ, ಅವತ್ತು ಕೇಳಬೇಕಾ? ನಮ್ಮ ಆಫೀಸು ನೆಲಮಹಡಿಯಲ್ಲಿತ್ತು. ಮೂರನೇ ದಿನ ಬಾಗಿಲು ತೆಗೆದರೆ ಕಂಪ್ಯೂಟರಿನೊಳಗೆ ಕೆಸರು. ನಾನು ಬುದ್ಧಿವಂತೆ, ವಾರಕ್ಕೊಂದು ಸಲ ಎಲ್ಲ ಲೆಕ್ಕವನ್ನೂ ಸೀಡಿಗೆ ಇಳಿಸಿ ಇಡುತ್ತಿದ್ದೆ. ಇಟ್ಟದ್ದು ಎಲ್ಲಿ? ಅದೇ ಮೇಜಿನ ಕೆಳಗಿನ ಡ್ರಾಯರಿನಲ್ಲಿ. ಹನ್ನೊಂದು ಹೋಟೆಲುಗಳ ನಾಲ್ಕು ತಿಂಗಳ ಲೆಕ್ಕವನ್ನು ಒದ್ದೆ ಬಿಲ್ಲುಗಳಿಂದ ಮತ್ತೆ ಬರೆದೆ. ಬಿಲ್ಲುಗಳನ್ನು ಹಗ್ಗ ಕಟ್ಟಿ ಒಣಹಾಕಿದ್ದೆವು, ಹಪ್ಪಳದ ಹಾಗೆ.

ಕ್ಲೌಡ್‌ನಲ್ಲಿ ಬಾಡಿಗೆಯ ಬಗೆ ಮೂರು. ಪುಸ್ತಕದ ಹೆಸರುಗಳನ್ನು ಬಿಡಿ, ನಮ್ಮ ಹೋಟೆಲ್ ಭಾಷೆಯಲ್ಲೇ ಹೇಳುತ್ತೇನೆ. ಮೊದಲನೆಯದು ಖಾಲಿ ಗಾಳಾ, ಅಂದರೆ ಬರೀ ಅಂಗಡಿ ಜಾಗ, ಬಾಡಿಗೆಗೆ ಹಿಡಿದ ಹಾಗೆ. ಗೋಡೆ, ನೀರು, ಕರೆಂಟು ಅವರದು. ಒಲೆ, ಪಾತ್ರೆ, ಬಾಗಿಲಿನ ಬೀಗ ಎಲ್ಲ ನಿಮ್ಮದು. "ನಮ್ಮ ಟ್ಯಾಲಿ ಕ್ಲೌಡ್‌ನಲ್ಲಿದೆ" ಅನ್ನುತ್ತಾರಲ್ಲ, ಅದು ಬಹುಮಟ್ಟಿಗೆ ಹೀಗೆ. ಎಲ್ಲೋ ಒಂದು ಕಂಪ್ಯೂಟರ್ ಬಾಡಿಗೆಗೆ ಹಿಡಿದು ಅದರಲ್ಲಿ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಕೂರಿಸಿರುತ್ತಾರೆ.

ಎರಡನೆಯದು ಕಂಡಕ್ಟಿಂಗ್. ಹೋಟೆಲ್ ಲೈನಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಾಗ, ಒಲೆ, ಫ್ರಿಜ್ಜು, ಲೈಸೆನ್ಸು ಮಾಲೀಕರದು. ಭಟ್ಟರನ್ನೂ ತಿಂಡಿಪಟ್ಟಿಯನ್ನೂ ನೀವು ತರುತ್ತೀರಿ. ಸ್ವಂತ ಆ್ಯಪ್ ಬರೆಸುವವರಿಗೆ ಇದು ಬೇಕು. ನಮ್ಮಂಥವರಿಗೆ ನೇರವಾಗಿ ಎದುರಾಗುವುದು ಕಮ್ಮಿ.

ಮೂರನೆಯದು ಖಾನಾವಳಿ ಊಟ. ಹೋಗಿ ಕೂರುವುದು, ಬಡಿಸಿದ್ದು ಉಣ್ಣುವುದು, ತಿಂಗಳ ಲೆಕ್ಕ ಕೊಡುವುದು. ಜೀಮೇಲ್ ಹೀಗೆ, ಲೆಕ್ಕ ಬರೆಯುವ ಜೋಹೊ ಬುಕ್ಸ್ ಹೀಗೆ, ಮೊಬೈಲಿನಲ್ಲೇ ಶಾಖೆಯ ವ್ಯಾಪಾರ ತೋರಿಸುವ ಹೋಟೆಲ್ ಬಿಲ್ಲಿಂಗ್ ಸಾಫ್ಟ್‌ವೇರುಗಳೂ ಹೀಗೆ. ಹುಳಿಗೆ ಉಪ್ಪು ಕಮ್ಮಿ ಅಂತ ನೀವು ಅಡುಗೆಮನೆಗೆ ನುಗ್ಗುವ ಹಾಗಿಲ್ಲ. ಆದರೆ ಪಾತ್ರೆ ತೊಳೆಯುವ ಕಷ್ಟವೂ ಇಲ್ಲ. ಸಣ್ಣ ವ್ಯಾಪಾರಕ್ಕೆ ನಾನು ಹೇಳುವುದು ಇದನ್ನೇ. ಖಾಲಿ ಗಾಳಾ ಅಗ್ಗ ಅಂತ ಕಾಣುತ್ತದೆ, ಆದರೆ ಅದನ್ನು ನೋಡಿಕೊಳ್ಳುವ ಮನುಷ್ಯನ ಸಂಬಳ ಆ ಬಿಲ್ಲಿನಲ್ಲಿ ಇರುವುದಿಲ್ಲ.

ಬಾಡಿಗೆಯ ಸುಖ ಒಂದಿದೆ. ಮದುವೆಗೆ ನಾವು ಹಂಡೆ, ಕೊಪ್ಪರಿಗೆ ಕೊಳ್ಳುವುದಿಲ್ಲ, ಎರಡು ದಿನಕ್ಕೆ ಬಾಡಿಗೆಗೆ ತರುತ್ತೇವೆ. ಹಾಗೆಯೇ ಚೌತಿಗೆ ಮೋದಕದ ಆರ್ಡರನ್ನು ವೆಬ್‌ಸೈಟಿನಲ್ಲಿ ತೆಗೆದುಕೊಳ್ಳುವವರು ಆ ಒಂದು ವಾರಕ್ಕೆ ದೊಡ್ಡ ಕಂಪ್ಯೂಟರ್ ಹಿಡಿದು, ಆಮೇಲೆ ಸಣ್ಣದಕ್ಕೆ ಇಳಿಯಬಹುದು. ಇಳಿಯಲು ನೆನಪಿರಬೇಕು ಅಷ್ಟೆ. ಅಲ್ಲಿ ಮೀಟರ್ ಗಂಟೆ ಲೆಕ್ಕದಲ್ಲಿ ಓಡುತ್ತದೆ. ನೀವು ಬಳಸಿದರೂ ಓಡುತ್ತದೆ, ಸುಮ್ನೆ ಬಿಟ್ಟರೂ ಓಡುತ್ತದೆ. ಚೌತಿಗೆ ತಂದ ಕೊಪ್ಪರಿಗೆಯನ್ನು ದೀಪಾವಳಿಯವರೆಗೂ ವಾಪಸ್ ಕೊಡದ ಬಿಲ್ಲುಗಳನ್ನು ನಾನು ನೋಡಿದ್ದೇನೆ. ಖರ್ಚು ಇಷ್ಟು ದಾಟಿದರೆ ನನಗೆ ಮೇಲ್ ಕಳಿಸು ಅಂತ ಹೇಳಿಡುವ ಸೌಲಭ್ಯ ದೊಡ್ಡ ಕಂಪನಿಗಳಲ್ಲೆಲ್ಲ ಇದೆ. ಮೊದಲ ದಿನವೇ ಅದನ್ನು ಹಾಕಿ.

ಹಣದ ಲೆಕ್ಕದಲ್ಲಿ ಇನ್ನೊಂದು ಮುಳ್ಳಿದೆ. ಇದನ್ನು ಮಾರಲು ಬಂದವರು ಹೇಳುವುದಿಲ್ಲ. ಕ್ಲೌಡ್ ಬಾಡಿಗೆಗೆ ಜಿಎಸ್‌ಟಿ ಶೇಕಡಾ 18. ಬಟ್ಟೆ ಅಂಗಡಿಯವರು, ಬಿಡಿಭಾಗ ಮಾರುವವರು ಅದನ್ನು ತಾವು ಕಟ್ಟುವ ಜಿಎಸ್‌ಟಿಯಿಂದ ಕಳೆಯಬಹುದು. ಆದರೆ ಗಿರಾಕಿಯಿಂದ ಶೇಕಡಾ 5 ತೆರಿಗೆ ತೆಗೆದುಕೊಳ್ಳುವ ಹೋಟೆಲಿಗೆ ಆ ಅವಕಾಶ ಇಲ್ಲ. 1,000 ರೂಪಾಯಿ ಅಂತ ಹೇಳಿದ್ದು ಅವರಿಗೆ 1,180ಕ್ಕೆ ಬೀಳುತ್ತದೆ. ಕಂಪ್ಯೂಟರ್ ಕೊಂಡರೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ ಶೇಕಡಾ 40ರ ದರದಲ್ಲಿ ಸವಕಳಿ ಬರೆಯಬೇಕು. ಬಾಡಿಗೆಯಾದರೆ ಆ ವರ್ಷದ ಖರ್ಚಿಗೇ ಪೂರ್ತಿ ಹೋಗುತ್ತದೆ. ಎರಡನ್ನೂ ಮೂರು ವರ್ಷಕ್ಕೆ ಲೆಕ್ಕ ಹಾಕಿ ನೋಡಬೇಕು, ಒಂದು ತಿಂಗಳಿಗಲ್ಲ.

ಎಲ್ಲರಿಗೂ ಇದು ಬೇಕು ಅಂತ ನಾನು ಹೇಳುವವಳಲ್ಲ. ಒಂದೇ ಗಲ್ಲಾ, ಮಾಲೀಕರೇ ಕೂರುತ್ತಾರೆ, ದಿನಕ್ಕೆ ಇನ್ನೂರು ಬಿಲ್ಲು. ಅಂಥವರು ಒಂದು ಕಂಪ್ಯೂಟರ್ ಇಟ್ಟುಕೊಂಡು, ಅದರ ಪ್ರತಿಯನ್ನು ಮಾತ್ರ ದಿನಾ ರಾತ್ರಿ ಕ್ಲೌಡ್‌ಗೆ ಕಳಿಸಿದರೆ ಸಾಕು. ಎರಡನೇ ಶಾಖೆ ತೆರೆದ ದಿನ ಬೇರೆ ಮಾತು. ಡೊಂಬಿವಲಿಯಲ್ಲಿ ಕೂತು ಅಂಧೇರಿಯ ಗಲ್ಲಾ ನೋಡಬೇಕಾದಾಗ ಇದರ ಬೆಲೆ ತಾನಾಗಿ ಗೊತ್ತಾಗುತ್ತದೆ.

ಇಂಟರ್ನೆಟ್ ಹೋದರೆ? ಹೋಗುತ್ತದೆ. ಮುಂಬಯಿಯಲ್ಲಿ ರಸ್ತೆ ಅಗೆಯದ ವಾರ ಯಾವುದಿದೆ? ಲೈನ್ ಇಲ್ಲದಾಗಲೂ ಬಿಲ್ ಹೊಡೆದು, ಬಂದ ಮೇಲೆ ಜೋಡಿಸಿಕೊಳ್ಳುವ ಸಾಫ್ಟ್‌ವೇರನ್ನೇ ತೆಗೆದುಕೊಳ್ಳಿ. ಮಾರುವವರ ಎದುರೇ ವೈಫೈ ಆರಿಸಿ ತೋರಿಸಲು ಹೇಳಿ. ಮುಖ ಸಣ್ಣದಾದರೆ ಬೇರೆಯವರನ್ನು ನೋಡಿ.

ಇನ್ನು ಸುರಕ್ಷತೆ. ಕ್ಲೌಡ್‌ನಲ್ಲಿ ಹಾಕಿದ ಮೇಲೆ ಏನೂ ಕಳೆದುಹೋಗುವುದಿಲ್ಲ ಅನ್ನುವ ನಂಬಿಕೆ ಜನರಲ್ಲಿದೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಅನ್ನುವ ದೊಡ್ಡ ಕಂಪನಿಯ ಐದು ಮಹಡಿಯ ಕಟ್ಟಡ 2021ರ ಮಾರ್ಚ್ 10ರಂದು ಸುಟ್ಟುಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಬೇರೆ ಕಡೆ ಪ್ರತಿ ಇಡದಿದ್ದ ಗಿರಾಕಿಗಳ ಡೇಟಾ ಹೋಯಿತು. ದುಡ್ಡು ಕೊಟ್ಟು ಬ್ಯಾಕಪ್ ತೆಗೆದುಕೊಂಡಿದ್ದವರೂ ಅವರಲ್ಲಿ ಇದ್ದರು. ಆ ಬ್ಯಾಕಪ್ ಅದೇ ಕಟ್ಟಡದಲ್ಲಿತ್ತು. ಓದಿದಾಗ ನನಗೆ ನನ್ನ ಡ್ರಾಯರೇ ಕಣ್ಮುಂದೆ ಬಂತು. ಅವರದು ಬೆಂಕಿ, ನನ್ನದು ನೀರು, ಅಷ್ಟೇ ವ್ಯತ್ಯಾಸ. ಹಾಗಾಗಿ ಬಿಲ್ಲಿಂಗ್ ಮುಂಬಯಿಯಲ್ಲಿದ್ದರೆ ಅದರ ಒಂದು ಪ್ರತಿ ಹೈದರಾಬಾದಿನಲ್ಲೋ ಚೆನ್ನೈನಲ್ಲೋ ಇರಲಿ. ದೇಶದ ಒಳಗೇ ಇರಲಿ. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಲೆಕ್ಕದ ಪುಸ್ತಕದ ಬ್ಯಾಕಪ್ ದಿನಾ ಭಾರತದೊಳಗಿನ ಸರ್ವರಿನಲ್ಲಿ ಇರಬೇಕು ಅಂತ ಕಂಪನಿ ನಿಯಮವೇ ಇದೆ.

ಕಟ್ಟಡ, ಕರೆಂಟು, ಕಾವಲು ಬಾಡಿಗೆ ಕೊಟ್ಟವರ ಜವಾಬ್ದಾರಿ. ಕೀಲಿ ನಿಮ್ಮದು. ನೀವು ಬಾಗಿಲು ತೆರೆದಿಟ್ಟು ಹೋದರೆ ಬಿಲ್ಡಿಂಗ್ ವಾಚ್‌ಮನ್‌ನನ್ನು ಬೈದು ಪ್ರಯೋಜನವಿಲ್ಲ. ಖಾತೆ ವ್ಯಾಪಾರದ ಹೆಸರಿನ ಮೇಲ್‌ನಲ್ಲಿರಬೇಕು, ಹುಡುಗನ ಮೇಲ್‌ನಲ್ಲಲ್ಲ. ಪಾಸ್‌ವರ್ಡಿನ ಜತೆ ಫೋನಿಗೆ ಬರುವ ಎರಡನೇ ಬೀಗವೂ ಇರಲಿ. ಆ ಫೋನು ಮನೆಯವರದಾಗಿರಲಿ. ಕೆಲಸ ಬಿಟ್ಟವರ ಲೆಕ್ಕ ಚುಕ್ತಾ ಮಾಡುವ ದಿನವೇ ಅವರ ಲಾಗಿನ್ನೂ ಮುಚ್ಚಬೇಕು. ಬಿಟ್ಟು ಹೋಗುವ ದಾರಿಯನ್ನೂ ಮೊದಲೇ ಕೇಳಿ. ನಮ್ಮ ಊರಿನ ಲೀವ್ ಅಂಡ್ ಲೈಸೆನ್ಸ್ ಅನ್ನುವ ಬಾಡಿಗೆ ಕರಾರಿನಲ್ಲಿ ಖಾಲಿ ಮಾಡುವ ಷರತ್ತನ್ನು ನಾವು ಎರಡೆರಡು ಸಲ ಓದುತ್ತೇವೆ. ಇಲ್ಲಿ ಯಾರೂ ಓದುವುದಿಲ್ಲ. ನನ್ನ ಲೆಕ್ಕವನ್ನೆಲ್ಲ ಎಕ್ಸೆಲ್ ಫೈಲಿನಲ್ಲಿ ಕೊಡುತ್ತೀರಾ, ಎಷ್ಟು ದಿನದಲ್ಲಿ, ಎಷ್ಟು ದುಡ್ಡಿಗೆ? ದೊಡ್ಡ ಕಂಪನಿಗಳಲ್ಲಿ ಡೇಟಾ ಒಳಗೆ ಹಾಕಲು ಸಾಮಾನ್ಯವಾಗಿ ದುಡ್ಡಿಲ್ಲ. ಜಾಸ್ತಿ ಹೊರಗೆ ತೆಗೆದರೆ ಮೀಟರ್ ಓಡುತ್ತದೆ.

ಈಗ ಮುಲುಂಡಿಗೆ ಬರೋಣ. ನಾನು ಹೋಗುವಾಗ ಎಂಟೂವರೆ. ಗಲ್ಲಾದಲ್ಲಿ ಕೈಬರಹದ ಬಿಲ್ಲು ನಡೆದಿತ್ತು. ಹುಡುಗನಿಗೆ ಫೋನ್ ಹಚ್ಚಿದೆವು. ದುಬೈನಲ್ಲಿ ಆಗ ಏಳು ಗಂಟೆ. ಒಳ್ಳೆಯ ಹುಡುಗ, ನಿದ್ದೆಗಣ್ಣಿನಲ್ಲೇ ಪಾಸ್‌ವರ್ಡ್ ಹೇಳಿದ. ಅವನ ಊರಿನ ಹೆಸರು, ಮುಂದೆ ಒಂದು ಎರಡು ಮೂರು. ಹಾಕಿದರೆ ಓಟಿಪಿ ಕೇಳಿತು. ಓಟಿಪಿ ಹೋದದ್ದು ಅವನ ಹಳೆಯ ಸಿಮ್‌ಗೆ. ಆ ಸಿಮ್ ಕಾರ್ಕಳದಲ್ಲಿ ಅವನ ಅಮ್ಮನ ಫೋನಿನಲ್ಲಿತ್ತು.

ಮಾಲೀಕರು ಅವರಿಗೆ ಫೋನ್ ಮಾಡಿದರು. "ಅಮ್ಮಾ, ಈಗ ಒಂದು ನಂಬರ್ ಬಂದಿದೆಯಲ್ಲ, ಸ್ವಲ್ಪ ಓದಿ ಹೇಳಿ."

"ಅದನ್ನು ಯಾರಿಗೂ ಹೇಳಬಾರದಂತೆ" ಅಂದರು ಅಮ್ಮ. ಫೋನ್ ಇಟ್ಟರು.

ಮತ್ತೆ ಮಾಡಿದರೆ ಎತ್ತಲೇ ಇಲ್ಲ. ಕೊನೆಗೆ ಮಗನೇ ದುಬೈನಿಂದ ಫೋನ್ ಮಾಡಿದ. ಅವನಿಗೂ ಎರಡು ಪ್ರಶ್ನೆ ಕೇಳಿಯೇ ಆರು ಅಂಕಿ ಓದಿದರಂತೆ. ಅಷ್ಟರಲ್ಲಿ ಆ ಓಟಿಪಿಯ ಅವಧಿ ಮುಗಿದು, ಇನ್ನೊಂದು ತರಿಸಬೇಕಾಯಿತು. ಬಿಲ್ಲಿಂಗ್ ಶುರುವಾಗುವಾಗ ಹನ್ನೊಂದೂಕಾಲು, ತಿಂಡಿಯ ಹೊತ್ತು ಮುಗಿದೇ ಹೋಗಿತ್ತು. ಮಾಲೀಕರಿಗೆ ಸಿಟ್ಟು ಬಂದಿರಬೇಕು ಅಂದುಕೊಂಡೆ. ಅವತ್ತು ಸಂಜೆ ಊರಿಗೆ ಹೊರಡುವ ಬಸ್ಸಿನಲ್ಲಿ ಆ ಅಮ್ಮನಿಗೆ ಒಂದು ಡಬ್ಬ ಮೈಸೂರುಪಾಕ್ ಕಳಿಸಿದರು.

ನಮಸ್ಕಾರ.