ಏನನ್ನೂ ತಯಾರಿಸದ ಯಂತ್ರ

ಕೇಳುಗರಿಗೆ ನಮಸ್ಕಾರ.

ಪೀಣ್ಯದ ಕಾರ್ಖಾನೆಯೊಂದರಲ್ಲಿ 31 ವರ್ಷ ಲೇತ್ ಮುಂದೆ ನಿಂತು ನಿವೃತ್ತನಾದವನು ನಾನು. ಯಂತ್ರವೆಂದರೆ ಸಂಜೆಯೊಳಗೆ ಇಷ್ಟು ನಗ ಇಳಿಸಬೇಕು ಎಂಬುದೊಂದೇ ನನಗೆ ಗೊತ್ತಿದ್ದ ಲೆಕ್ಕ. ಕಳೆದ ಭಾನುವಾರ ಆರು ವರ್ಷದ ಮೊಮ್ಮಗಳು ಆ ಲೆಕ್ಕವನ್ನು ಕೆಡಿಸಿದಳು.

ಮಗ, ಸೊಸೆ, ನನ್ನಾಕೆ, ಮೊಮ್ಮಗಳು, ಒಂದು ಡಬ್ಬಿ ಪುಳಿಯೋಗರೆ. ಇಷ್ಟು ದಂಡು ಕಟ್ಟಿಕೊಂಡು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಹೋದೆವು. ಸರ್ ಎಂ.ವಿ. ತೀರಿಕೊಂಡ 1962ರಲ್ಲೇ ನೆಹರೂ ಉದ್ಘಾಟಿಸಿದ ಕಟ್ಟಡವದು. ಒಳಗೆ ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯಿದೆ. ಮೂಲ ವಿಮಾನ 1903ರಲ್ಲಿ ಮೊದಲ ಸಲ ಹಾರಿದ್ದು 12 ಸೆಕೆಂಡು, 120 ಅಡಿ. ನಮ್ಮ ಬೀದಿಯ ಈ ತುದಿಯಿಂದ ಹಾಲಿನ ಬೂತಿನವರೆಗೂ ಆಗದು! ನನಗೆ ಹಿಡಿಸಿದ್ದು ಅದರ ಚೈನು. ಎರಡು ಪಂಖಗಳು ಎದುರುಬದುರು ತಿರುಗಬೇಕು, ಇರುವುದು ಒಂದೇ ಇಂಜಿನ್. ಅಣ್ಣತಮ್ಮಂದಿರು ಸೈಕಲ್ ಅಂಗಡಿಯವರಲ್ಲವೇ, ಒಂದು ಕಡೆಯ ಚೈನನ್ನು ಎಂಟರ ಆಕಾರದಲ್ಲಿ ತಿರುಚಿಬಿಟ್ಟರು. ಗಿಯರೂ ಇಲ್ಲ, ಗೋಜೂ ಇಲ್ಲ.

ಮೊಮ್ಮಗಳಿಗೆ ಇದಾವುದೂ ಬೇಡ. ಅವಳು ಚೆಂಡು ಉರುಳುವ ಯಂತ್ರದ ಮುಂದೆ ನೆಟ್ಟಗೆ ನಿಂತಿದ್ದಳು. ಚೆಂಡು ಮೇಲೇರುತ್ತದೆ, ಹಳಿಯ ಮೇಲೆ ಉರುಳಿ ಇಳಿಯುತ್ತದೆ, ಮತ್ತೆ ಮೇಲೇರುತ್ತದೆ.

"ತಾತ, ಇದು ಏನು ತಯಾರಿಸುತ್ತದೆ?"

"ಏನೂ ಇಲ್ಲ, ಪುಟ್ಟಿ."

"ಹಾಗಾದರೆ ನಿಲ್ಲಿಸುವುದೇ ಬೇಡ ಅಲ್ಲವಾ?"

ಉತ್ತರ ತೋಚದೆ ನಾನೂ ನೋಡುತ್ತ ನಿಂತೆ. ಇಳಿಜಾರು ಒಂದಿಷ್ಟು ಹೆಚ್ಚಾದರೆ ತಿರುವಿನಲ್ಲಿ ಚೆಂಡು ಹಳಿ ಬಿಡುತ್ತದೆ, ಕಡಿಮೆಯಾದರೆ ನಡುದಾರಿಯಲ್ಲಿ ಕೂರುತ್ತದೆ. ಎಲ್ಲಿಂದ ಬಿಟ್ಟೆವೋ ಆ ಎತ್ತರಕ್ಕಿಂತ ಮೇಲೆ ತಾನಾಗಿ ಎಂದೂ ಏರದು. ಆ ಹಳಿ ಬಗ್ಗಿಸಿದವನು ನನ್ನಷ್ಟೇ ಅಳತೆ ಹಿಡಿದಿದ್ದಾನೆ. ಆದರೆ ಅವನ ತಲೆಯ ಮೇಲೆ ಸೂಪರ್‌ವೈಸರ್ ಇರಲಿಲ್ಲ. ಸುಳ್ಳೇಕೆ, ಹೊಟ್ಟೆಕಿಚ್ಚಾಯಿತು.

ಕಬ್ಬನ್ ಪಾರ್ಕಿನ ಮರದಡಿ ಪುಳಿಯೋಗರೆ ಬಿಚ್ಚಿದಾಗ ಅವಳಿಗೆ ಟಿಪ್ಪುವಿನ ಹುಲಿಯ ಕಥೆ ಹೇಳಿದೆ. ಮರದ ಹುಲಿ, ಅದರ ಕೆಳಗೆ ಬಿದ್ದ ಬಿಳಿಯ. ಹಿಡಿಕೆ ತಿರುಗಿಸಿದರೆ ಒಳಗಿನ ತಿದಿ ಗಾಳಿಯೂದುತ್ತದೆ; ಅವನು ನರಳುತ್ತ ಕೈ ಎತ್ತುತ್ತಾನೆ, ಹುಲಿ ಗುರುಗುಟ್ಟುತ್ತದೆ. ಹುಲಿಯ ಪಕ್ಕೆಯ ಬಾಗಿಲು ತೆರೆದರೆ 18 ಸ್ವರಗಳ ಪುಟ್ಟ ಆರ್ಗನ್! 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಹೊತ್ತೊಯ್ದರು, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. "ನೀನೂ ಒಂದು ಮಾಡು" ಎಂದು ಅಪ್ಪಣೆಯಾಯಿತು. ಹುಲಿ ನನ್ನ ಕೈಮೀರಿದ್ದು, ಹಕ್ಕಿಗೆ ರಾಜಿಯಾದೆವು.

ಹಳೆಯ ಬಾಗಿಲ ಚೂರಿನಲ್ಲಿ ಬಸವನಹುಳುವಿನ ಚಿಪ್ಪಿನಾಕಾರದ ಕ್ಯಾಮ್, ಅಂದರೆ ಹಿಡಿಕೆಯೊಂದಿಗೆ ತಿರುಗುವ ಬಿಲ್ಲೆ, ಕೊರೆದೆ. ಅದು ಸುತ್ತುತ್ತ ಕಡ್ಡಿಯನ್ನು ಮೆಲ್ಲಗೆ ಎತ್ತುತ್ತದೆ, ಕೊನೆಯ ಅಂಚಿಗೆ ಬಂದೊಡನೆ ಕಡ್ಡಿ ದೊಪ್ಪನೆ ಬೀಳುತ್ತದೆ, ಹಕ್ಕಿ ಕಾಳು ಕುಕ್ಕುತ್ತದೆ. "ಮೂರು ತಿಂಗಳಿಂದ ಮಿಕ್ಸಿ ಕೆಟ್ಟು ಕೂತಿದೆ, ಅದಕ್ಕೆ ನಿಮಗೆ ಪುರಸೊತ್ತಿಲ್ಲ" ಎಂದು ನನ್ನಾಕೆ ಅಂದಳು. ಮೊಮ್ಮಗಳು ಬಂದವಳೇ ಹಿಡಿಕೆಯನ್ನು ಹಿಂದುಮುಂದಾಗಿ ತಿರುಗಿಸಿದಳು. ಈ ಬಗೆಯ ಕ್ಯಾಮ್ ಒಂದೇ ದಿಕ್ಕಿಗೆ ತಿರುಗುವಂಥದ್ದು. ಕಡ್ಡಿ ಅಂಚಿಗೆ ಸಿಕ್ಕಿ ಲಟಕ್ಕೆಂದು ಮುರಿಯಿತು.

ಎರಡನೆಯದಕ್ಕೆ ಮೊಟ್ಟೆಯಾಕಾರದ ಕ್ಯಾಮ್ ಕೊರೆಯುತ್ತಿದ್ದೇನೆ. ಅದು ಎರಡೂ ಕಡೆಗೆ ತಿರುಗುತ್ತದೆ. ಮಿಕ್ಸಿ ಇನ್ನೂ ಹಾಗೆಯೇ ಇದೆ.

ನಮಸ್ಕಾರ.