ಟ್ರಿಗರ್ ತಪ್ಪೋ, ಎಕ್ಸ್‌ಪೋಷರ್ ತಪ್ಪೋ?

ಕೇಳುಗರಿಗೆ ನಮಸ್ಕಾರ. ಓಡುವ ಬೆಲ್ಟಿನ ಮೇಲಿನ ವಸ್ತುಗಳನ್ನು ತಪಾಸಣೆ ಮಾಡುವ ಕ್ಯಾಮೆರಾಗಳ ಬಗ್ಗೆ ಎರಡು ದೂರುಗಳು ಪದೇಪದೇ ಬರುತ್ತವೆ. ಚಿತ್ರ ಮಸುಕು ಎನ್ನುವುದು ಒಂದು. ವಸ್ತು ಚೌಕಟ್ಟಿನಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬೀಳುತ್ತದೆ ಎನ್ನುವುದು ಇನ್ನೊಂದು. ಫೋಕಸ್ ಸರಿಯಿದ್ದರೆ ಮೊದಲನೆಯದರಲ್ಲಿ ಎಕ್ಸ್‌ಪೋಷರನ್ನು, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಅವಧಿಯನ್ನು ನೋಡಿ, ಎರಡನೆಯದರಲ್ಲಿ ಟ್ರಿಗರನ್ನು, ಅಂದರೆ ಚಿತ್ರ ತೆಗೆಯಲು ಹೇಳುವ ಸಂಕೇತವನ್ನು.

ಬೆಲ್ಟ್ ಸೆಕೆಂಡಿಗೆ 1 ಮೀಟರ್ ಓಡುತ್ತಿದೆ, ಒಂದು ಪಿಕ್ಸೆಲ್ಲಿಗೆ ವಸ್ತುವಿನ 0.1 ಮಿಲಿಮೀಟರ್ ಬೀಳುತ್ತದೆ ಎನ್ನಿ. ಅಷ್ಟು ದೂರ ಸರಿಯಲು ಬೇಕಾದದ್ದು 100 ಮೈಕ್ರೋಸೆಕೆಂಡ್. ಎಕ್ಸ್‌ಪೋಷರ್ ಅದಕ್ಕಿಂತ ಹೆಚ್ಚಾದರೆ ಅಂಚು ಒಂದು ಪಿಕ್ಸೆಲ್ಲಿಗಿಂತ ಹೆಚ್ಚು ಹರಡುತ್ತದೆ. ಕಡಿಮೆ ಮಾಡಿದಾಗ ಚಿತ್ರ ಕಪ್ಪಾಯಿತೆಂದು ಗೇನ್, ಅಂದರೆ ಸಂಕೇತದ ವರ್ಧನೆ, ಏರಿಸಬೇಡಿ, ಅದರ ಜೊತೆ ನಾಯ್ಸ್, ಅಂದರೆ ಚಿತ್ರದಲ್ಲಿನ ಕಾಳುಕಾಳು ಕೂಡ ಏರುತ್ತದೆ. ಬೆಳಕು ಹೆಚ್ಚಿಸಿ, ಇಲ್ಲವೇ ಕ್ಷಣಮಾತ್ರ ಮಿಂಚುವ ಸ್ಟ್ರೋಬ್ ದೀಪ ಹಾಕಿ. ಹೊರಗಿನ ಬೆಳಕನ್ನು ಮುಚ್ಚಿದ್ದರೆ ಮಸುಕನ್ನು ನಿರ್ಧರಿಸುವುದು ಸ್ಟ್ರೋಬಿನ ಮಿಂಚಿನ ಅವಧಿಯೇ. ಎಕ್ಸ್‌ಪೋಷರ್ ಅದನ್ನು ಒಳಗೊಂಡರೆ ಸಾಕು. ಇಲ್ಲಿ ಕ್ಯಾಮೆರಾದೊಳಗೆ ಗ್ಲೋಬಲ್ ಶಟರ್ ಸೆನ್ಸರ್, ಅಂದರೆ ಇಡೀ ಚಿತ್ರವನ್ನು ಒಂದೇ ಸಲ ಹಿಡಿಯುವಂಥದ್ದು ಇರಲಿ. ಆಟೋ ಎಕ್ಸ್‌ಪೋಷರ್ ಅಂತೂ ಬಂದ್ ಆಗಿರಲೇಬೇಕು.

ಇನ್ನು ಟ್ರಿಗರ್. ಕಂಪ್ಯೂಟರಿನಿಂದ ಸಾಫ್ಟ್‌ವೇರ್ ಟ್ರಿಗರ್ ಕೊಟ್ಟರೆ ವಿಳಂಬ ಪ್ರತಿ ಸಲ ಬೇರೆ. ವ್ಯತ್ಯಾಸ 5 ಮಿಲಿಸೆಕೆಂಡ್ ಆದರೂ ಇದೇ ಬೆಲ್ಟಿನಲ್ಲಿ ವಸ್ತು 5 ಮಿಲಿಮೀಟರ್ ಅತ್ತಿತ್ತ. ಆದ್ದರಿಂದ ಬೆಲ್ಟಿನ ಮೇಲೆ ವಸ್ತು ಬಂದದ್ದನ್ನು ಗುರುತಿಸುವ ಸೆನ್ಸರಿನ ವೈರನ್ನು ನೇರವಾಗಿ ಕ್ಯಾಮೆರಾದ ಇನ್‌ಪುಟ್ಟಿಗೆ ಎಳೆಯಿರಿ. ವಿಳಂಬ ಸ್ಥಿರವಾಗಿದ್ದರೆ ತೊಂದರೆಯಿಲ್ಲ, ಹೊಂದಿಸಿಕೊಳ್ಳಬಹುದು, ಕಾಡುವುದು ಏರಿಳಿತ. ಬೆಲ್ಟಿನ ವೇಗವೇ ಬದಲಾಗುವಂತಿದ್ದರೆ ಕಾಲದ ಲೆಕ್ಕ ಕೈಕೊಡುತ್ತದೆ. ಆ ಸೆನ್ಸರ್ ಕ್ಯಾಮೆರಾಕ್ಕಿಂತ 120 ಮಿಲಿಮೀಟರ್ ಹಿಂದಿದೆ, ಟ್ರಿಗರ್ ಡಿಲೇ, ಅಂದರೆ ಸಂಕೇತ ಬಂದ ಮೇಲೆ ಕಾಯುವ ಸಮಯ, 120 ಮಿಲಿಸೆಕೆಂಡ್ ಇಟ್ಟಿದ್ದೀರಿ ಎನ್ನಿ. ವೇಗ 0.8 ಮೀಟರಿಗೆ ಇಳಿದರೆ ವಸ್ತು 24 ಮಿಲಿಮೀಟರ್ ಹಿಂದೆಯೇ ಉಳಿಯುತ್ತದೆ. ಅಲ್ಲಿ ಬೆಲ್ಟ್ ಸರಿದ ದೂರಕ್ಕೆ ತಕ್ಕಂತೆ ಪಲ್ಸ್ ಕೊಡುವ ಎನ್‌ಕೋಡರಿನ ಪಲ್ಸ್ ಎಣಿಸುವುದೇ ದಾರಿ.

ಕ್ಯಾಮೆರಾದ ಆಪ್ಟೋ ಇನ್‌ಪುಟ್ಟಿನ, ಅಂದರೆ ಸಂಕೇತವನ್ನು ಬೆಳಕಿನ ಮೂಲಕ ಒಳಗೆ ದಾಟಿಸುವ ಇನ್‌ಪುಟ್ಟಿನ ಒಂದು ಗುಣ ಹಲವರ ಗಮನಕ್ಕೆ ಬರುವುದಿಲ್ಲ. ಅದು ಆನ್ ಆಗುವುದಕ್ಕಿಂತ ಸಾಮಾನ್ಯವಾಗಿ ಆಫ್ ಆಗುವುದು ನಿಧಾನ. ಪಲ್ಸಿನ ಅಗಲವೇ ಎಕ್ಸ್‌ಪೋಷರ್ ಆಗುವ ಟ್ರಿಗರ್ ವಿಡ್ತ್ ಮೋಡಿನಲ್ಲಿ ಈ ವ್ಯತ್ಯಾಸ ನೇರ ಎಕ್ಸ್‌ಪೋಷರಿಗೇ ಸೇರುತ್ತದೆ. ಎಕ್ಸ್‌ಪೋಷರ್ 100 ಮೈಕ್ರೋಸೆಕೆಂಡ್ ಇರುವಾಗ ಮೇಲೆ 20, 30 ಸೇರಿದರೆ ಹೊಳಪೇ ಬದಲಾದೀತು. ಎಕ್ಸ್‌ಪೋಷರನ್ನು ಕ್ಯಾಮೆರಾವೇ ಅಳೆಯುವ ಟೈಮ್ಡ್ ಮೋಡ್ ಇಟ್ಟು, ಟ್ರಿಗರಿಗೆ ಸಂಕೇತದಲ್ಲಿ ಆಪ್ಟೋ ಆನ್ ಆಗುವ ಅಂಚನ್ನೇ ಆರಿಸಿ.

ಟ್ರಿಗರ್ ಕಳೆದುಹೋಗುವುದೂ ಉಂಟು, ಅದೂ ಸದ್ದಿಲ್ಲದೆ. ಎಕ್ಸ್‌ಪೋಷರ್ 2 ಮಿಲಿಸೆಕೆಂಡ್, ಚಿತ್ರವನ್ನು ಓದಿ ಹೊರತೆಗೆಯುವ ರೀಡ್‌ಔಟ್ 8 ಆಗಿದ್ದರೆ, ಓವರ್‌ಲ್ಯಾಪ್ ಇಲ್ಲದ, ಅಂದರೆ ಎರಡನ್ನೂ ಒಟ್ಟಿಗೆ ಮಾಡಲಾಗದ ಕ್ಯಾಮೆರಾ ಆ 10 ಮಿಲಿಸೆಕೆಂಡಿನೊಳಗೆ ಬಂದ ಇನ್ನೊಂದು ಟ್ರಿಗರನ್ನು ಬಿಟ್ಟುಬಿಡುತ್ತದೆ. ಎಷ್ಟೋ ಸಲ ತಪ್ಪಿತಸ್ಥ ಸೆನ್ಸರಿನ ಕಂಪನ: ಒಂದೇ ವಸ್ತುವಿಗೆ ಸಂಕೇತದ ಎರಡು ಅಂಚು. ಕ್ಷಣಿಕ ಸಂಕೇತಗಳನ್ನು ಸೋಸುವ ಡಿಬೌನ್ಸರ್ ಅದನ್ನು ತಡೆಯುತ್ತದೆ, ಆದರೆ ತನ್ನಷ್ಟೇ ವಿಳಂಬವನ್ನೂ ಸೇರಿಸುತ್ತದೆ; ಡಿಲೇಯಲ್ಲಿ ಅದನ್ನು ಕಳೆಯಿರಿ.

ಅನುಮಾನವಿದ್ದರೆ ಆಸಿಲೋಸ್ಕೋಪಿನ ಒಂದು ಚಾನಲ್ಲನ್ನು ಸೆನ್ಸರಿಗೆ, ಇನ್ನೊಂದನ್ನು ಎಕ್ಸ್‌ಪೋಷರ್ ನಡೆಯುತ್ತಿದೆಯೆಂದು ತಿಳಿಸುವ ಕ್ಯಾಮೆರಾದ ಎಕ್ಸ್‌ಪೋಷರ್ ಆ್ಯಕ್ಟಿವ್ ಔಟ್‌ಪುಟ್ಟಿಗೆ ಹಾಕಿ, ಬೆಲ್ಟನ್ನು ಪೂರ್ಣ ವೇಗದಲ್ಲಿ ಓಡಿಸಿ ನೋಡಿ. ನಮಸ್ಕಾರ.